ನೀರು ಏರಿದಾಗ ಊರು ಬಿಟ್ಟವರ ಕಥೆಗಾರ

ನಾನು ಬೆಳ್ಳಾವಿಯವನು. ತುಮಕೂರಿನ ಬಯಲುಸೀಮೆ, ಗೊತ್ತಲ್ಲ? ನಮ್ಮ ಕಡೆ ಕೆರೆ ಕೋಡಿ ಬಿತ್ತು ಅಂದ್ರೆ ಹಬ್ಬ. ಹುಡುಗರು ಬೈಕ್ ಹತ್ತಿ ರೀಲ್ಸ್ ಮಾಡೋಕೆ ಓಡ್ತಾರೆ, ಹೆಂಗಸರು ಬಾಗಿನ ಬಿಡ್ತಾರೆ. ನೀರು ಏರೋದನ್ನ ನೋಡಿ ಯಾರಾದ್ರೂ ಅಳ್ತಾರೆ ಅಂತ ನನಗೆ ಗೊತ್ತಾಗಿದ್ದೇ ಪಿಯುಸಿಯಲ್ಲಿ ‘ದ್ವೀಪ’ ಓದಿದಾಗ.

ಅದನ್ನ ಬರೆದವರು ನಾ. ಡಿಸೋಜ. ಪೂರ್ತಿ ಹೆಸರು ನಾರ್ಬರ್ಟ್ ಡಿಸೋಜ. ಹುಟ್ಟಿದ್ದು 1937ರ ಜೂನ್ 6ರಂದು, ಸಾಗರದಲ್ಲಿ. ಮನೆಮಾತು ಕೊಂಕಣಿ, ಬರೆದದ್ದು ಕನ್ನಡದಲ್ಲಿ. ನಮ್ಮೂರಿನ ಬೆಳ್ಳಾವೆ ವೆಂಕಟನಾರಣಪ್ಪನವರು, ಅದೇ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು, ಜಮಖಂಡಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದೂ 1937ರಲ್ಲೇ. ಎರಡಕ್ಕೂ ಏನೂ ಸಂಬಂಧ ಇಲ್ಲ ಬಿಡಿ, ಊರಿನ ಅಭಿಮಾನಕ್ಕೆ ಹೇಳಿದೆ ಅಷ್ಟೆ.

ಡಿಸೋಜ ಅವರಿಗೆ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಸಿಕ್ತು. ಕೆಲಸ ಶರಾವತಿ ಯೋಜನೆಯಲ್ಲಿ. ಇಲ್ಲೇ ಸ್ವಲ್ಪ ನಿಲ್ಲಬೇಕು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸುಮಾರು 151 ಟಿಎಂಸಿ ನೀರು ನಿಲ್ಲೋ ಜಾಗ. ಅಷ್ಟು ನೀರು ನಿಲ್ಲಬೇಕಾದ್ರೆ ಕೆಳಗಿನ ಗದ್ದೆ, ಅಡಿಕೆ ತೋಟ, ದೇವಸ್ಥಾನ, ಮನೆ ಎಲ್ಲಾ ಖಾಲಿಯಾಗಬೇಕು. ಇದಕ್ಕೆ ಮಲೆನಾಡಿನವರು ಇಟ್ಟ ಹೆಸರು ‘ಮುಳುಗಡೆ’. ಆ ನೀರಿನಿಂದ ಬಂದ ಕರೆಂಟು, 1035 ಮೆಗಾವಾಟ್ ಸಾಮರ್ಥ್ಯದ್ದು, ದಶಕಗಳ ಕಾಲ ರಾಜ್ಯಕ್ಕೆ ಬೆಳಕು ಕೊಟ್ಟಿದೆ. ಬೆಳ್ಳಾವಿಯಲ್ಲಿ ನಮ್ಮಜ್ಜಿ ಮನೆಯ ಬಲ್ಬ್ ಉರಿದದ್ದರಲ್ಲೂ ಅದರ ಪಾಲಿದೆ ಅಂತ ಈಗ ಅನಿಸುತ್ತೆ. ಆಗ ಯಾರೂ ನಮಗೆ ಇದನ್ನ ಹೇಳಿರಲಿಲ್ಲ.

ಡಿಸೋಜ ಕಟ್ಟೋರ ಕಡೆಯ ಕಚೇರಿಯಲ್ಲಿದ್ದುಕೊಂಡು, ಮುಳುಗೋರ ಕಡೆಯಿಂದ ಬರೆದರು. ಸಂಬಳ ಯೋಜನೆಯದ್ದು, ಕಥೆ ನಿರಾಶ್ರಿತರದ್ದು. ಅವರ ಬರವಣಿಗೆಯ ಬಲ ಇರೋದೇ ಈ ಇಕ್ಕಟ್ಟಿನಲ್ಲಿ ಅಂತ ನನ್ನ ಅಭಿಪ್ರಾಯ. ‘ದ್ವೀಪ’ದಲ್ಲಿ ಘೋಷಣೆ ಇಲ್ಲ. ಒಬ್ಬ ಗಂಡ, ಅವನ ಹೆಂಡತಿ, ಸುತ್ತ ಏರುತ್ತಿರೋ ನೀರು. ಅಷ್ಟೇ. ಗಿರೀಶ್ ಕಾಸರವಳ್ಳಿ ಅದನ್ನ ಸಿನಿಮಾ ಮಾಡಿದರು, ಹೆಂಡತಿ ನಾಗಿಯಾಗಿ ಸೌಂದರ್ಯ. ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂತು. ಸಿನಿಮಾ ನೋಡಿದವರು ಪುಸ್ತಕ ಬಿಡಬೇಡಿ, ಸಣ್ಣದೇ ಇದೆ. ‘ಕಾಡಿನ ಬೆಂಕಿ’ ಕೂಡ ಸಿನಿಮಾ ಆಯ್ತು, ಸುರೇಶ್ ಹೆಬ್ಳೀಕರ್ ಅವರದ್ದು.

ಈಗ ನಿಮ್ಮ ವಯಸ್ಸಿನ ವಿಷಯಕ್ಕೆ ಬರ್ತೀನಿ. ಇಂಗ್ಲಿಷಿನಲ್ಲಿ ‘ಯಂಗ್ ಅಡಲ್ಟ್’ ಅಂತ ಪ್ರತ್ಯೇಕ ಕಪಾಟೇ ಇದೆ. ಕನ್ನಡದಲ್ಲಿ ಚಂದಮಾಮ ಮುಗಿದ ಮೇಲೆ ಸೀದಾ ಭೈರಪ್ಪ, ಕಾರಂತ! ನಡುವಿನ ಹುಡುಗ ಹುಡುಗಿಯರಿಗೆ ಬರೆದವರು ಕಮ್ಮಿ. ಡಿಸೋಜ ಬರೆದರು. ದೊಡ್ಡವರ ಕಾದಂಬರಿಕಾರ ಅಂತ ಹೆಸರಾದ ಮೇಲೂ ಮಕ್ಕಳ ಪುಸ್ತಕ ಅನ್ನೋದು ಅವರಿಗೆ ಕೈ ಬಿಡುವಾದಾಗ ಮಾಡೋ ಕೆಲಸ ಆಗಿರಲಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ ಬಾಲ ಸಾಹಿತ್ಯ ಪುರಸ್ಕಾರ ಶುರು ಮಾಡಿದ್ದು 2010ರಲ್ಲಿ. ಮರುವರ್ಷವೇ, 2011ರಲ್ಲಿ, ಕನ್ನಡಕ್ಕೆ ಅದು ಬಂದದ್ದು ಇವರ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ. ಶೀರ್ಷಿಕೆ ಗಮನಿಸಿ. ಮುಳುಗಡೆ ಅಂದ್ರೆ ಎಲ್ಲರಿಗೂ ನೆನಪಾಗೋದು ಊರು ಬಿಟ್ಟು ಹೋದವರು. ಇವರು ಚಿಕ್ಕವರಿಗೆ ಬರೆಯುವಾಗ ‘ಬಂದವರು’ ಅಂತಾರೆ. ಮಕ್ಕಳಿಗೆ ಇಂಥ ಭಾರದ ವಿಷಯ ಯಾಕೆ ಅಂತ ಕೇಳೋರಿಗೆ ನಾನು ಹೇಳೋದು ಒಂದೇ: ಊರು ಮುಳುಗಿದಾಗ ಮಕ್ಕಳೂ ಅಲ್ಲೇ ಇದ್ದರಲ್ಲ?

2014ರ ಜನವರಿಯಲ್ಲಿ ಮಡಿಕೇರಿಯ 80ನೇ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ತೀರಿಕೊಂಡದ್ದು 2025ರ ಜನವರಿ 5ರಂದು, ಮಂಗಳೂರಿನಲ್ಲಿ. 87 ವರ್ಷ.

ಕಥೆ ಅಲ್ಲಿಗೆ ಮುಗಿದಿಲ್ಲ. ಶರಾವತಿ ಸಂತ್ರಸ್ತರಲ್ಲಿ ಎಷ್ಟೋ ಕುಟುಂಬಗಳು 60 ವರ್ಷವಾದ್ರೂ ಜಮೀನಿನ ಹಕ್ಕುಪತ್ರಕ್ಕೆ ಅಲೀತಾನೇ ಇವೆ. ಹಿನ್ನೀರಿನ ಆಚೆ ಇರೋ ತುಮರಿ ಕಡೆಯವರು ಸಾಗರಕ್ಕೆ ಬರೋಕೆ ಲಾಂಚ್ ಕಾಯಬೇಕಿತ್ತು, ಕಾಯಿಲೆ ಬಂದ್ರೂ ಅದನ್ನೇ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ, ಎರಡು ಕಿಲೋಮೀಟರಿಗೂ ಉದ್ದದ್ದು, ಉದ್ಘಾಟನೆಯಾದದ್ದು 2025ರ ಜುಲೈ 14ಕ್ಕೆ. ಡಿಸೋಜ ಹೋಗಿ ಆರು ತಿಂಗಳಾಗಿತ್ತು.

ಈಗ ಸಿಗಂದೂರಿಗೆ ಕಾರಲ್ಲೇ ಹೋಗಬಹುದು. ಬೇಸಿಗೆಯಲ್ಲಿ ಹೋದ್ರೆ, ನೀರು ಚೆನ್ನಾಗಿ ಇಳಿದಿದ್ರೆ, ಹಿನ್ನೀರಿನ ಕಡೆ ಮಡೆನೂರು ಡ್ಯಾಮ್ ಎಲ್ಲಿದೆ ಅಂತ ಯಾರನ್ನಾದ್ರೂ ಕೇಳಿ. ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ ಅಣೆಕಟ್ಟು ಅದು. ಅದೂ ಮುಳುಗಿದೆ. ಮಳೆಗಾಲದವರೆಗೆ ಮೇಲೆದ್ದು ನಿಂತಿರುತ್ತೆ.