ನಿದ್ದೆ ಮದ್ದು ಮಿದುಳನ್ನು ಕಾಯುತ್ತಾ? | ಆಪರೇಷನ್ ಕಥೆಗಳು, ಭಾಗ 6

ಫ್ರೆಂಡ್ಸ್, ಒಂದು ಕ್ಷಣ ಯೋಚನೆ ಮಾಡಿ. ಹೃದಯದ ಒಳಗೆ ರಿಪೇರಿ ಮಾಡಬೇಕು ಅಂದ್ರೆ ರಕ್ತದ ಓಡಾಟ ನಿಲ್ಲಿಸಬೇಕು. ಆದರೆ ಕೆಲವೇ ನಿಮಿಷ ರಕ್ತ ಸಿಗದಿದ್ರೂ ಮಿದುಳಿಗೆ ಪೆಟ್ಟು ಬೀಳುತ್ತೆ. ಹಾಗಾದ್ರೆ ಏನ್ ಮಾಡೋದು?

❄️ ಮೊದಲ ಉಪಾಯ ತಂಪು. 1952ರ ಸೆಪ್ಟೆಂಬರ್ 2ರಂದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಡಾ. ಜಾನ್ ಲೂಯಿಸ್, 5 ವರ್ಷದ ಹುಡುಗಿಯ ಮೈಯನ್ನು ತಣ್ಣಗೆ ಮಾಡಿ ಹೃದಯದ ತೂತು ಮುಚ್ಚಿದ್ರು. ತಣ್ಣಗಿರೋ ಮಿದುಳಿಗೆ ಆಕ್ಸಿಜನ್ ಕಡಿಮೆ ಸಾಕು. ಮರುವರ್ಷ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಡಾ. ಜಾನ್ ಗಿಬ್ಬನ್ ಹಾರ್ಟ್-ಲಂಗ್ ಮಷೀನ್ ಬಳಸಿ ಗೆದ್ದರು.

ಮಷೀನ್ ಬಂತು, ಚಿಂತೆ ಹೋಗಲಿಲ್ಲ. ಗಾಳಿಗುಳ್ಳೆಗಳು, ರಕ್ತನಾಳದಿಂದ ಕಿತ್ತುಬಂದ ಚೂರುಗಳು ಮಿದುಳಿಗೆ ಹೋಗಿ ಸಿಕ್ಕಿಕೊಳ್ತಿದ್ವು. ಹೃದಯ ಸರಿಹೋದ್ರೂ ಕೆಲವರಿಗೆ ಪಾರ್ಶ್ವವಾಯು ಆಗ್ತಿತ್ತು.

💡 ಆಗ ಕಣ್ಣು ಬಿದ್ದಿದ್ದು ಥಯೋಪೆಂಟಲ್ ಮೇಲೆ. 1934ರಿಂದ ಬಳಕೆಯಲ್ಲಿದ್ದ ಅರಿವಳಿಕೆ ಮದ್ದು ಇದು. ಡೋಸ್ ಹೆಚ್ಚಿಸಿದ್ರೆ ಇಇಜಿ ಗೆರೆ ಸಪಾಟಾಗುತ್ತೆ, ಮಿದುಳಿನ ಆಕ್ಸಿಜನ್ ಖರ್ಚು ಸುಮಾರು ಅರ್ಧಕ್ಕೆ ಇಳಿಯುತ್ತೆ. ಕರೆಂಟ್ ಹೋದಾಗ ಯುಪಿಎಸ್ ಹೆಚ್ಚು ಹೊತ್ತು ಬರಲಿ ಅಂತ ಅಮ್ಮ ಫ್ಯಾನ್, ಟಿವಿ ಆಫ್ ಮಾಡ್ತಾರಲ್ಲ, ಹಾಗೆ.

1986ರಲ್ಲಿ ಡಾ. ನ್ಯಾನ್ಸಿ ನಸ್ಮೈಯರ್ ತಂಡ 182 ರೋಗಿಗಳ ಫಲಿತಾಂಶ ಪ್ರಕಟಿಸಿತು. ಇವರದ್ದೆಲ್ಲ ಹೃದಯವನ್ನೇ ತೆರೆಯುವ ಆಪರೇಷನ್. ಹತ್ತು ದಿನದ ನಂತರ ನೋಡಿದ್ರೆ, ಈ ಮದ್ದಿನ ದೊಡ್ಡ ಡೋಸ್ ಪಡೆಯದ 93 ಜನರಲ್ಲಿ 7 ಮಂದಿಗೆ ಮಿದುಳಿನ ತೊಂದರೆ ಉಳಿದಿತ್ತು. ಪಡೆದ 89 ಜನರಲ್ಲಿ? ಸೊನ್ನೆ!

ಇಲ್ಲಿಗೆ ಕಥೆ ಮುಗೀತು ಅಂದ್ಕೊಂಡ್ರಾ? ಇಲ್ಲ.

1991ರಲ್ಲಿ ಬೇರೆ ತಂಡ 300 ಬೈಪಾಸ್ ರೋಗಿಗಳಲ್ಲಿ ಇದನ್ನೇ ಪರೀಕ್ಷಿಸಿತು. ಮದ್ದು ಪಡೆದವರಲ್ಲಿ 5 ಮಂದಿಗೆ ಪಾರ್ಶ್ವವಾಯು, ಪಡೆಯದವರಲ್ಲಿ 2 ಮಂದಿಗೆ. ಅಂತರ ಸಣ್ಣದು, ಆದರೆ ಲಾಭವಂತೂ ಕಾಣಲಿಲ್ಲ. ಮೇಲಾಗಿ ಮದ್ದು ಪಡೆದವರು ತಡವಾಗಿ ಎಚ್ಚರವಾಗ್ತಿದ್ರು, ಹೃದಯಕ್ಕೆ ಬಲ ಕೊಡೋ ಔಷಧಿಯೂ ಹೆಚ್ಚು ಬೇಕಾಗ್ತಿತ್ತು.

'ಬೈಪಾಸ್ ಬೇರೆ, ವಾಲ್ವ್ ಬೇರೆ' ಅನ್ನಬಹುದಿತ್ತು. 1999ರಲ್ಲಿ 225 ವಾಲ್ವ್ ರೋಗಿಗಳಿಗೆ ಪ್ರೊಪೊಫಾಲ್ ಕೊಟ್ಟೂ, ಕೊಡದೆಯೂ ಹೋಲಿಸಿ ನೋಡಿದ್ರು. ಅಲ್ಲೂ ಮಿದುಳನ್ನು ಮಲಗಿಸಿದ್ದರಿಂದ ಉಪಯೋಗ ಆಗಲಿಲ್ಲ.

ಯಾಕಿರಬಹುದು? ಮತ್ತೆ ಯುಪಿಎಸ್ ನೆನಪಿಸಿಕೊಳ್ಳಿ. ಫ್ಯಾನ್ ಆಫ್ ಮಾಡಿದ್ರೆ ಸ್ವಲ್ಪ ಸಮಯ ಸಿಗುತ್ತೆ, ಅಷ್ಟೇ. ಮನೆಗೆ ಬರೋ ವೈರೇ ತುಂಡಾಗಿದ್ರೆ? ಚೂರು ರಕ್ತನಾಳವನ್ನು ಪೂರ್ತಿ ಮುಚ್ಚಿದಾಗಲೂ ಹಾಗೇ. ಅದಕ್ಕೇ ಚೂರು ಮಿದುಳಿಗೆ ಹೋಗದ ಹಾಗೆ ತಡೆಯೋದೇ ಮುಖ್ಯ: ಮಷೀನ್ ಪೈಪಿಗೆ ಫಿಲ್ಟರ್, ಹೃದಯದಿಂದ ಗಾಳಿ ತೆಗೆಯೋದು, ಮಹಾಪಧಮನಿಯನ್ನು ಜೋಪಾನವಾಗಿ ಮುಟ್ಟೋದು.

ಆ 'ಸೊನ್ನೆ' ಸುಳ್ಳಲ್ಲ. ಆದರೆ ಅದನ್ನೇ ನಂಬಿ ಎಲ್ಲರಿಗೂ ದೊಡ್ಡ ಡೋಸ್ ಕೊಟ್ಟಿದ್ರೆ? ಮತ್ತೆ ಎಣಿಸಿ ನೋಡಿದವರಿಂದ ರೋಗಿಗಳು ಬಚಾವಾದ್ರು. 'ಒಂದು ಸ್ಟಡಿ ಹೇಳುತ್ತೆ' ಅನ್ನೋ ರೀಲ್ ಕಂಡಾಗ ನೀವೂ ಕೇಳಿ: ಎರಡನೇ ಸಲ ಯಾರು ನೋಡಿದ್ರು?

ಭಾಗ 7ರಲ್ಲಿ ಸಿಗೋಣ. ಸೇವ್ ಮಾಡ್ಕೊಳ್ಳಿ 🫀🧠

#ಆಪರೇಷನ್‌ಕಥೆಗಳು #ವಿಜ್ಞಾನಕನ್ನಡದಲ್ಲಿ