ಡಿಗ್ರಿ ಮುಗೀತು, ಮಿಲಿಟರಿ ಸೇರ್ಬೇಕು: ಭೂಸೇನೆನಾ, ನೌಕಾಪಡೆನಾ, ವಾಯುಪಡೆನಾ?

ಡಿಗ್ರಿ ರಿಸಲ್ಟ್ ಬಂದ ಮೇಲೆ ಸೈಬರ್ ಸೆಂಟರ್‌ಗಳಲ್ಲಿ ಈ ಮಾತು ಕೇಳೇ ಕೇಳುತ್ತೆ: "ಅಣ್ಣಾ, ಮಿಲಿಟರಿದು ಯಾವ್ದಾದ್ರೂ ಅರ್ಜಿ ಬಿಟ್ಟಿದಾರಾ?" ಯಾವ್ದಾದ್ರೂ ಅಂದ್ರೆ ಯಾವುದು? ಸಿಪಾಯಿ ಆಗೋದಾ, ಆಫೀಸರ್ ಆಗೋದಾ? ಹೆಚ್ಚಿನ ಹುಡುಗರು ಇದನ್ನ ಯೋಚನೆ ಮಾಡೋದೇ ಕೊನೇ ವರ್ಷದ ಪರೀಕ್ಷೆ ಬರೆದ ಮೇಲೆ. ಅಷ್ಟೊತ್ತಿಗೆ ನಿಮ್ಮ ಪಿಯುಸಿ ಕಾಂಬಿನೇಷನ್ನು, ನಿಮ್ಮ ವಯಸ್ಸು ಅರ್ಧ ತೀರ್ಮಾನ ಮಾಡಿಬಿಟ್ಟಿರುತ್ತವೆ.

ಮೊದಲು ಅಗ್ನಿವೀರ್ ವಿಷಯ ಮುಗಿಸಿಬಿಡೋಣ. 2022ರಲ್ಲಿ ಶುರುವಾದ ಈ ಯೋಜನೆಯಲ್ಲಿ ನಾಲ್ಕು ವರ್ಷ ಸೇವೆ. ಆಮೇಲೆ ನೂರಕ್ಕೆ 25 ಜನರವರೆಗೆ ಮಾತ್ರ ಮುಂದುವರಿಕೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಕೈಗೆ ಬರೋದು 21,000. ಹೊರಬರುವಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ಸೇವಾ ನಿಧಿ ಸಿಗುತ್ತೆ. ಅದರಲ್ಲಿ ಅರ್ಧ ನಿಮ್ಮದೇ ಸಂಬಳದಿಂದ ಹಿಡಿದ ದುಡ್ಡು. ಪಿಂಚಣಿ ಇಲ್ಲ. ಇದಕ್ಕೆ ಡಿಗ್ರಿ ಬೇಕಾಗೇ ಇಲ್ಲ. ಯೋಜನೆ ಬಂದಾಗ ವಯಸ್ಸಿನ ಮಿತಿ ಹದಿನೇಳೂವರೆಯಿಂದ 21 ಅಂತ ಇಟ್ಟಿದ್ರು, ಆ ಮೊದಲ ವರ್ಷ ಮಾತ್ರ 23ಕ್ಕೆ ಏರಿಸಿದ್ರು. ಅಂದ್ರೆ ಡಿಗ್ರಿ ಮುಗಿಸಿ ಬರುವವನು ಗಡಿ ಮೇಲೆ ನಿಂತಿರ್ತಾನೆ. ಆಯಾ ವರ್ಷದ ಅಧಿಸೂಚನೆಯಲ್ಲಿ ಹುಟ್ಟಿದ ದಿನಾಂಕ ನೋಡ್ಕೊಂಡೇ ಅರ್ಜಿ ಹಾಕಿ.

ಡಿಗ್ರಿ ಇದ್ದವರಿಗೆ ನಿಜವಾದ ದಾರಿ ಸಿಡಿಎಸ್. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತೆ. ಕೊನೇ ವರ್ಷದಲ್ಲಿ ಓದ್ತಿರುವವರೂ ಬರೀಬಹುದು. ಒಂದೇ ಅರ್ಜಿಯಲ್ಲಿ ನಾಲ್ಕು ಅಕಾಡೆಮಿ: ಡೆಹ್ರಾಡೂನ್, ಚೆನ್ನೈ ಎರಡೂ ಭೂಸೇನೆಗೆ, ಕೇರಳದ ಎಳಿಮಲ ನೌಕಾಪಡೆಗೆ, ಹೈದರಾಬಾದ್ ವಾಯುಪಡೆಗೆ.

ಈಗ ನೋಡಿ ಎಲ್ಲಿ ತೊಡಕಾಗುತ್ತೆ ಅಂತ. ಎಳಿಮಲಕ್ಕೆ ಎಂಜಿನಿಯರಿಂಗ್ ಡಿಗ್ರಿ ಬೇಕು. ಕಾರವಾರದ ಕದಂಬ ನೌಕಾನೆಲೆ ನಮ್ಮ ರಾಜ್ಯದಲ್ಲೇ ಇದ್ರೂ, ಬಿಎ, ಬಿಕಾಂ ಹುಡುಗರಿಗೆ ಸಿಡಿಎಸ್ ಮೂಲಕ ನೌಕಾಪಡೆ ಇಲ್ಲ. ಹೈದರಾಬಾದ್ ಅಕಾಡೆಮಿಗೆ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿರಬೇಕು, ಇಲ್ಲ ಬಿಇ ಆಗಿರಬೇಕು. ಹದಿನಾರನೇ ವಯಸ್ಸಲ್ಲಿ ಫ್ರೆಂಡ್ಸ್ ತಗೊಂಡ್ರು ಅಂತ ಕಾಮರ್ಸ್ ತಗೊಂಡವನಿಗೆ ವಿಮಾನ ಹಾರಿಸೋ ಆಸೆ ಅಲ್ಲಿಗೇ ಮುಗೀತು. ಈ ಮಾತನ್ನ ಪಿಯುಸಿ ಅಡ್ಮಿಷನ್ ದಿನ ಹೇಳೋರು ಯಾರೂ ಇಲ್ಲ.

ಆದ್ರೂ ಬಿಕಾಂನವರು ವಾಯುಪಡೆ ಪೂರ್ತಿ ಬಿಡೋದು ಬೇಡ. ಎಎಫ್‌ಕ್ಯಾಟ್ ಅಂತ ಬೇರೆ ಪರೀಕ್ಷೆ ಇದೆ, ಅದೂ ವರ್ಷಕ್ಕೆ ಎರಡು ಸಲ. ಅದರಲ್ಲಿ ಗ್ರೌಂಡ್ ಡ್ಯೂಟಿ ಕಡೆ ಅಕೌಂಟ್ಸ್, ಆಡಳಿತದಂಥ ಶಾಖೆಗಳಿವೆ. ಡಿಗ್ರಿಯಲ್ಲಿ 60 ಪರ್ಸೆಂಟ್ ಇರಬೇಕು, ವಯಸ್ಸು 20ರಿಂದ 26.

ಯಾವ ಡಿಗ್ರಿ ಆದ್ರೂ ಸರಿ ಅನ್ನೋದು ಭೂಸೇನೆ ಮಾತ್ರ. ಡೆಹ್ರಾಡೂನ್‌ಗೆ ಇಂಗ್ಲಿಷ್, ಸಾಮಾನ್ಯ ಜ್ಞಾನ, ಗಣಿತ ಮೂರು ಪೇಪರ್. ಚೆನ್ನೈಗೆ ಗಣಿತ ಇಲ್ಲ, ಎರಡೇ ಪೇಪರ್. ಸಿಡಿಎಸ್‌ನಲ್ಲಿ ಹೆಣ್ಣುಮಕ್ಕಳಿಗೂ ಚೆನ್ನೈ ಅವಕಾಶ ಇದೆ. ಗಣಿತಕ್ಕೆ ಹೆದರೋರೆಲ್ಲ ಚೆನ್ನೈ ಅಂತಾರೆ, ಆದ್ರೆ ಒಂದು ವ್ಯತ್ಯಾಸ ಮನೇಲಿ ಕೂತು ಮಾತಾಡಿ. ಡೆಹ್ರಾಡೂನ್‌ದು ಕಾಯಂ ನೌಕರಿ. ಚೆನ್ನೈದು ಹತ್ತು ವರ್ಷ, ಹೆಚ್ಚೆಂದ್ರೆ ಹದಿನಾಲ್ಕು. ಅಷ್ಟರಲ್ಲಿ ಕಾಯಂ ಆಗದಿದ್ರೆ ಪಿಂಚಣಿ ಇಲ್ಲದೆ ಹೊರಬರ್ತೀರಿ. ಸಂಬಳದಲ್ಲಿ ಭೇದ ಇಲ್ಲ, ಲೆಫ್ಟಿನೆಂಟ್‌ಗೆ ಮೂಲ ವೇತನ 56,100. ಮೇಲೆ ಮಿಲಿಟರಿ ಸರ್ವಿಸ್ ಪೇ 15,500.

ವಯಸ್ಸಿನ ಲೆಕ್ಕದಲ್ಲೇ ಹೆಚ್ಚು ಜನ ಬೀಳೋದು. ಡೆಹ್ರಾಡೂನ್‌ಗೆ 24, ಚೆನ್ನೈಗೆ 25ರ ಒಳಗೆ. ಅದೂ ಪರೀಕ್ಷೆ ದಿನಕ್ಕಲ್ಲ, ತರಬೇತಿ ಶುರುವಾಗೋ ತಿಂಗಳಿಗೆ ಲೆಕ್ಕ. ನಮ್ಮ ಕೆಪಿಎಸ್‌ಸಿ, ಪೊಲೀಸ್ ನೇಮಕಾತಿ ಥರ ಎಸ್‌ಸಿ, ಎಸ್‌ಟಿ, ಒಬಿಸಿಗೆ ವಯಸ್ಸಿನ ಸಡಿಲಿಕೆ ಇಲ್ಲಿಲ್ಲ. ಅದು ಗೊತ್ತಿಲ್ಲದೆ ಇನ್ನೂ ಟೈಮಿದೆ ಅಂತ ಕಾಯೋರು ಇದ್ದಾರೆ.

ಇನ್ನೊಂದು ದಾರಿ ಎನ್‌ಸಿಸಿ. ಡಿಗ್ರಿಯಲ್ಲಿ ಸಿ ಸರ್ಟಿಫಿಕೇಟ್, ಕನಿಷ್ಠ ಬಿ ಗ್ರೇಡ್, 50 ಪರ್ಸೆಂಟ್ ಅಂಕ ಇದ್ರೆ ಬರಹದ ಪರೀಕ್ಷೆ ಇಲ್ಲದೆ ಚೆನ್ನೈ ಪ್ರವೇಶದ ಎಸ್‌ಎಸ್‌ಬಿ ಸಂದರ್ಶನಕ್ಕೆ ಅರ್ಜಿ ಹಾಕಬಹುದು. ಹಾಗಾಗಿ ಮೊದಲ ವರ್ಷವೇ ಎನ್‌ಸಿಸಿಗೆ ಹೆಸರು ಕೊಡ್ಬೇಕು. ನಾನು ಬೆಳಗ್ಗೆ ಪರೇಡ್‌ಗೆ ಏಳೋಕಾಗಲ್ಲ ಅಂತ ಎನ್‌ಸಿಸಿ ಬಿಟ್ಟೆ, ಮುಂದಿನ ವರ್ಷ ಕಾಲೇಜೇ ಬಿಟ್ಟೆ. ಈಗ ಆಫೀಸರ್ ಆಗೋ ಈ ದಾರಿಗಳಲ್ಲಿ ಒಂದೂ ನನಗಿಲ್ಲ, ಬರೆಯೋದಕ್ಕೆ ಮಾತ್ರ ಇವೆ.

ಎಸ್‌ಎಸ್‌ಬಿ ಐದು ದಿನ. ಮೊದಲ ದಿನದ ಸ್ಕ್ರೀನಿಂಗ್‌ನಲ್ಲಿ ಬಿದ್ದವರು ಅವತ್ತೇ ವಾಪಸ್. ಬೆಂಗಳೂರಲ್ಲಿ ಭೂಸೇನೆಯದು, ಮೈಸೂರಲ್ಲಿ ವಾಯುಪಡೆಯದು ಆಯ್ಕೆ ಕೇಂದ್ರಗಳಿವೆ. ಗುಂಪು ಚರ್ಚೆಯಲ್ಲಿ ಇಂಗ್ಲಿಷ್‌ನಲ್ಲಿ ಬಾಯಿ ಬಿಡ್ಲೇಬೇಕು. ಪ್ರಶ್ನೆಪತ್ರಿಕೆ ಕೂಡ ಕನ್ನಡದಲ್ಲಿ ಇರಲ್ಲ. ನಮ್ಮ ತಾಲ್ಲೂಕಿನ ಹುಡುಗರಿಗೆ ಓಟಕ್ಕಿಂತ ಕಷ್ಟ ಇದೇ, ಓಟವನ್ನಂತೂ ಬೆಳಗ್ಗೆ ಐದಕ್ಕೇ ಎದ್ದು ಓಡ್ತಾರೆ.

ಸಿಡಿಎಸ್ ಅರ್ಜಿ ಶುಲ್ಕ 200 ರೂಪಾಯಿ, ಹೆಣ್ಣುಮಕ್ಕಳಿಗೆ ಮತ್ತು ಎಸ್‌ಸಿ, ಎಸ್‌ಟಿಗೆ ಅದೂ ಇಲ್ಲ. ಸಾಮಾನ್ಯವಾಗಿ ಡಿಸೆಂಬರ್‌ನಲ್ಲೊಂದು, ಮೇ ತಿಂಗಳ ಸುಮಾರಿಗೊಂದು ಅಧಿಸೂಚನೆ ಬರುತ್ತೆ. ಯುಪಿಎಸ್‌ಸಿ ವೆಬ್‌ಸೈಟ್‌ನಲ್ಲಿ ನೀವೇ ತುಂಬಬಹುದು. ಸೀಟು ಮಾಡಿಸಿಕೊಡ್ತೀನಿ ಅಂತ ಲಕ್ಷ ಕೇಳೋನು ಸಿಕ್ರೆ, ಆ ದುಡ್ಡನ್ನ ಅಪ್ಪನ ಅಂಗಡಿ ಗಲ್ಲಾದಲ್ಲೇ ಇರೋಕೆ ಬಿಡಿ.