ಹೆಂಡದ ರೊಕ್ಕ, ಭವನದ ದಾರಿ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ನಮ್ಮ ಪಶ್ಚಿಮ ತಾಲ್ಲೂಕುಗಳ ಯಾವ ಬಸ್‌ಸ್ಟ್ಯಾಂಡಿನಲ್ಲಾದ್ರೂ ಇಳಿದು ನೋಡ್ರಿ. ಗ್ರಂಥಾಲಯ ಎಲ್ಲೈತಿ ಅಂತ ನಾಲ್ಕು ಮಂದಿನ್ನ ಕೇಳಬೇಕು. ಬಾರ್ ಎಲ್ಲೈತಿ ಅಂತ ಯಾರೂ ಕೇಳೋ ಹಂಗಿಲ್ಲ, ಬೋರ್ಡೇ ಕರೀತದೆ.

ಕುಡಿಯೋದು ಪಾಪವೋ ಪುಣ್ಯವೋ ಅನ್ನೋ ಪ್ರವಚನ ನನ್ನಿಂದ ಆಗಲ್ಲ, ಅದಕ್ಕೆ ಬೇರೆ ಮಂದಿ ಇದಾರೆ. ನನಗೆ ಬೇಕಾಗಿರೋದು ಇತಿಹಾಸ. ಇಳಿಸಿದವರು ಯಾರು, ಮಾರಿದವರು ಯಾರು, ತೆರಿಗೆ ತಗೊಂಡವರು ಯಾರು, ಅಂಗಡಿ ಒಳಗೆ ಕುಂತವರು ಯಾರು, ಹೊರಗೆ ನಿಂತವರು ಯಾರು.

ನಮ್ಮಜ್ಜಿ ಹೇಳ್ತಿದ್ದಳು. ಆಗ ಹಳ್ಳದ ದಂಡೆಗುಂಟ ಈಚಲ ಮರ. ಬೆಳಗ್ಗೆ ಇಳಿಸಿದ ಸೇಂದಿ ಸಿಹಿ, ಹುಡುಗರೂ ಬಾಯಿ ಹಾಕೋರು. ಮಧ್ಯಾಹ್ನಕ್ಕೆ ನೊರೆ ಏಳೋದು, ಸಂಜೆಗೆ ಹುಳಿ, ಮರುದಿನಕ್ಕೆ ಮೂಗು ಮುಚ್ಕೋಬೇಕು. ಅಂಗಡಿ ಮುಂದಿನ ಕಟ್ಟೆ ಮೇಲೆ ಊರವರು. ಹಿಂದೆ ಬೇವಿನ ಮರದ ಕೆಳಗೆ ನಮ್ಮವರು. ಅವರಿಗೆ ಮುಂತ, ಇವರಿಗೆ ಮನೆಯಿಂದ ತಂದ ಚಿಪ್ಪು, ಅದಕ್ಕೂ ಮೇಲಿಂದ ಸುರಿಯೋದು. "ರೊಕ್ಕ ಮಾತ್ರ ಮುಟ್ಟಿಸ್ಕೊಂತಿದ್ದರೇನವ್ವ?" ಅಂತ ನಾನು ಕೇಳಿದ್ರೆ, "ಅದನ್ನೂ ಕಟ್ಟೆ ಮೇಲೆ ಇಡಬೇಕಾಗಿತ್ತೋ, ನೀರು ಚಿಮುಕಿಸಿ ತಗೊಂತಿದ್ದರು" ಅಂದಿದ್ದಳು.

ಇದನ್ನ ಯಾಕೆ ನೆನೆಸಿಕೊಂಡೆ ಅಂದ್ರೆ, ಇತ್ತೀಚೆಗೆ ಬೆಂಗಳೂರಿಗೆ ಸಭೆಗೆ ಹೋದಾಗ ಗೆಳೆಯರೊಬ್ಬರು ಪಬ್‌ಗೆ ಕರ್ಕೊಂಡು ಹೋಗಿದ್ರು. ಊರಲ್ಲೆಲ್ಲ ಬ್ರ್ಯಾಂಚ್ ಇರೋ ದೊಡ್ಡ ಪಬ್. ಅಲ್ಲೇ ಬೀರ್ ತಯಾರಿಸ್ತಾರೆ, ಗಾಜಿನ ಗೋಡೆ ಆಚೆ ತಾಮ್ರದ ಬಣ್ಣದ ಹಂಡೆಗಳು. ಸಣ್ಣ ಸಣ್ಣ ಗ್ಲಾಸಲ್ಲಿ ನಾಲ್ಕು ತರಹದ್ದು ತಂದಿಟ್ಟರು, ರುಚಿ ನೋಡಿ ಆರಿಸ್ಕೊಳ್ಳಿ ಅಂತ. ನೋಡಿದೆ. ಪೇಲ್ ಏಲ್ ಅಂದ್ರೆ ಬೇವಿನ ಕಡ್ಡಿ ಅಗಿದಂಗೆ, ಮೊದಲು ಕಹಿ, ಆಮೇಲೆ ಒಂದು ಹೂವಿನ ವಾಸನೆ. ಕರಿ ಸ್ಟೌಟ್ ಹತ್ತಿಹೋದ ಕಾಫಿ, ನನಗಂತೂ ಸೇರಲಿಲ್ಲ. ಕೆಂಪಗಿನ ಇನ್ನೊಂದು ಬೆಲ್ಲದ ಪಾಕದಂಗೆ, ಅರ್ಧಕ್ಕೇ ಸಾಕಾಯ್ತು. ಗೋಧಿಯ ಏಲ್ ಮಾತ್ರ ಮಬ್ಬಾಗಿ, ಸ್ವಲ್ಪ ಸಿಹಿ ಸ್ವಲ್ಪ ಹುಳಿ, ಕೊತ್ತಂಬರಿ ಬೀಜದ ವಾಸನೆ. ಅಜ್ಜಿ ಹೇಳ್ತಿದ್ದ ಮಧ್ಯಾಹ್ನದ ಸೇಂದಿ ಹಿಂಗೇ ಇದ್ದಿರಬೇಕು ಅನ್ನಿಸ್ತು. ನನ್ನ ತೀರ್ಪು ಕೇಳಿದ್ರೆ ನಾಲ್ಕರಲ್ಲಿ ಗೆದ್ದಿದ್ದು ಅದೇ. ಆದ್ರೆ ಒಂದು ಗ್ಲಾಸಿನ ರೇಟು ನಮ್ಮ ಕಡೆ ಕಡಲೆ ಕೀಳೋ ಹೆಣ್ಣಾಳಿನ ಒಂದು ದಿನದ ಕೂಲಿ. ಅದನ್ನೂ ತೀರ್ಪಿಗೆ ಸೇರಿಸ್ಕೊಳ್ರಿ.

ಗೆಳೆಯರಿಗೆ ಒಂದು ಮಾತು ಹೇಳಿದೆ, ನಕ್ಕರು. ಈ ಏಲ್ ಹುದುಗು ಬರಿಸೋ ಯೀಸ್ಟೂ, ಈಚಲ ರಸದಲ್ಲಿ ತಾನಾಗೇ ಹುಟ್ಟಿ ನೊರೆ ಎಬ್ಬಿಸೋ ಯೀಸ್ಟೂ ಒಂದೇ ಕುಲದ್ದು. ಆದ್ರೆ ಗಾಜಿನ ಗೋಡೆ ಹಿಂದೆ ಮಾಡಿದ್ರೆ ಕರಕುಶಲ, ಹಳ್ಳದ ದಂಡೇಲಿ ಮಾಡಿದ್ರೆ ಕೇಸು. ಯೀಸ್ಟಿಗೆ ಜಾತಿ ಗೊತ್ತಿಲ್ಲ, ಕಾಯ್ದೆಗೆ ಗೊತ್ತೈತಿ.

ಈ ಕಾಯ್ದೆ ಹುಟ್ಟಿದ್ದು ಎಲ್ಲಿ? ನಮ್ಮನ್ನ ಈಗ ಕಲ್ಯಾಣ ಕರ್ನಾಟಕ ಅಂತಾರೆ, 371ಜೆ ಕೊಟ್ಟಿದಾರೆ. ಆದ್ರೆ ಈ ತಾಲ್ಲೂಕುಗಳು ನಿಜಾಮನ ಕೈಯಲ್ಲಿ ಉಳಿಯಲಿಲ್ಲ. 1800ರಲ್ಲಿ ಬಳ್ಳಾರಿ ಸೀಮೆ ಕಂಪನಿಗೆ ಹೋಯ್ತು, 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸಿನವರು. ಅಲ್ಲಿಂದ ಬಂದಿದ್ದೇ 1886ರ ಮದ್ರಾಸ್ ಅಬಕಾರಿ ಕಾಯ್ದೆ. ಹೆಂಡ ಇಳಿಸಬೇಕಾದ್ರೆ ಲೈಸೆನ್ಸು, ಮಾರೋ ಹಕ್ಕು ಹರಾಜಿಗೆ. ಹರಾಜು ಕೂಗೋಕೆ ರೊಕ್ಕ ಇದ್ದವನು ಗುತ್ತಿಗೆದಾರ ಆದ, ಮರ ಹತ್ತೋನು ಅವನ ಆಳಾದ, ಕುಡಿಯೋನು ಸಾಲಗಾರ ಆದ. ಅತ್ತ ದಂಡಿನ ಗೋರಾ ಸಿಪಾಯಿಗಳಿಗೆ ಬೆಂಗಳೂರು, ನೀಲಗಿರಿ ಕಡೆ ಬ್ರೂವರಿಗಳು ಎದ್ದವು. 1915ರಲ್ಲಿ ಥಾಮಸ್ ಲೈಷ್‌ಮನ್ ಅನ್ನೋ ಸ್ಕಾಟ್ಲೆಂಡಿನವನು ಅಂಥ ಐದನ್ನ ಸೇರಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. 1947ರಲ್ಲಿ ವಿಠ್ಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಮುಂದಿನ ಕಥೆ ನಿಮಗೆ ಗೊತ್ತು, ಬಿಡ್ರಿ.

(ಕಾಯ್ದೆಗಿಂತ ಏಳುನೂರು ವರ್ಷ ಹಿಂದೆ ಕಲ್ಯಾಣದ ಶರಣರ ನಡುವೆ ಹೆಂಡದ ಮಾರಯ್ಯ ಅಂತ ಒಬ್ಬ ವಚನಕಾರರಿದ್ದರು. ಹೆಂಡ ಮಾರೋ ಕಾಯಕದವರು. ಅವರನ್ನ ಹೊರಗೆ ನಿಲ್ಲಿಸಲಿಲ್ಲ. ಈಗಿನ ಮಠಗಳ ಪಂಕ್ತಿಯಲ್ಲಿ ಅವರಿಗೆ ಎಲೆ ಸಿಗ್ತಿತ್ತಾ, ನೀವೇ ಹೇಳ್ರಿ.)

ಆಮೇಲೆ ಬಂತು ಪಾನನಿಷೇಧ. ರಾಜಾಜಿ 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಶುರು ಮಾಡಿದರು. ಹೋದ ಆದಾಯ ತುಂಬಿಕೊಳ್ಳೋಕೆ 1939ರಲ್ಲಿ ಮಾರಾಟ ತೆರಿಗೆ ತಂದರು. 1948ರ ಗಾಂಧಿ ಜಯಂತಿ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತ್ಯ ಒಣಗಿತು, ಅದರ ಜೊತೆ ನಾವೂ. ಗಾಂಧೀಜಿ ಚಿತಾಭಸ್ಮದ ಸ್ಮಾರಕ ಇರೋ ಊರು ನಮ್ಮ ಕೂಡ್ಲಿಗಿ, ನೆನಪಿರಲಿ. ನಿಷೇಧದಿಂದ ಕುಡಿತ ನಿಂತಿತಾ? ಅಂಗಡಿ ಮುಚ್ಚಿತು, ಭಟ್ಟಿ ಹೊತ್ತಿತು. ಕಳ್ಳಭಟ್ಟಿ ಅಂದ ಕೂಡಲೇ ಪೊಲೀಸರ ಜೀಪು ತಾಂಡಾಕ್ಕೋ ಕೇರಿಗೋ ಬರೋ ಚಾಳಿ ಇವತ್ತಿಗೂ ಹೋಗಿಲ್ಲ. ಗೌಡರ ತೋಟದ ಮನೆಗೆ ಜೀಪು ಹೋಗಿದ್ದು ನಾನು ಕೇಳಿಲ್ಲ.

ಅದೇ 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಈ ವಿಷಯ ಬಂತು. ಈಗಿನ 47ನೇ ವಿಧಿಯಲ್ಲಿ ಪಾನನಿಷೇಧದ ಮಾತು ಸೇರಿಸಬೇಕು ಅಂತ ತಿದ್ದುಪಡಿ. ಎದ್ದು ನಿಂತು ವಿರೋಧ ಮಾಡಿದವರಲ್ಲಿ ಆದಿವಾಸಿ ನಾಯಕ ಜೈಪಾಲ್ ಸಿಂಗ್ ಮುಂಡಾ ಒಬ್ಬರು. ಅಕ್ಕಿಯ ಹೆಂಡ ಇಲ್ಲದೆ ನಮ್ಮ ದೇವರ ಪೂಜೆಯೇ ಆಗಲ್ಲ, ನಮ್ಮ ಮೇಲೆ ಇದನ್ನ ಹೇರಬೇಡಿ ಅನ್ನೋದು ಅವರ ವಾದದ ಸಾರ. ಬಾಬಾಸಾಹೇಬರು ಕೊಟ್ಟ ಉತ್ತರ ಏನಂದ್ರೆ, ಇದು ನಿರ್ದೇಶಕ ತತ್ವ, ಸರ್ಕಾರದ ಮೇಲೆ ಕಡ್ಡಾಯ ಅಲ್ಲ, ಆದಿವಾಸಿ ಪ್ರದೇಶಗಳಿಗೆ ಬೇರೆ ರಕ್ಷಣೆ ಇದೆ. ನಿಷೇಧದ ಪರ ಭಾಷಣ ಮಾಡಲಿಲ್ಲ ಅನ್ನೋದನ್ನ ಗಮನಿಸಿ.

ಅವರ ಅಸಲಿ ಮಾತು ಅದಕ್ಕಿಂತ ಇಪ್ಪತ್ತೊಂದು ವರ್ಷ ಹಿಂದಿನದು. 1927ರ ಮಾರ್ಚ್ 12, ಮುಂಬಯಿ ಶಾಸನ ಪರಿಷತ್ತು, ಶಿಕ್ಷಣದ ಅನುದಾನದ ಚರ್ಚೆ. ಬಾಬಾಸಾಹೇಬರು ಲೆಕ್ಕ ಇಟ್ಟರು. ಸರ್ಕಾರ ಒಬ್ಬ ಮನುಷ್ಯನ ಓದಿಗೆ ಖರ್ಚು ಮಾಡೋದು 14 ಆಣೆ, ಅದೇ ಮನುಷ್ಯನಿಂದ ಅಬಕಾರಿ ಹೆಸರಲ್ಲಿ ತಗೊಳ್ಳೋದು ಎರಡು ರೂಪಾಯಿಗೂ ಮೇಲೆ. ಕುಡಿತದಿಂದ ಎಷ್ಟು ಎಳ್ಕೊಂತೀರೋ ಕನಿಷ್ಠ ಅಷ್ಟನ್ನಾದ್ರೂ ಓದಿಗೆ ವಾಪಸ್ ಕೊಡಿ ಅಂತ ಕೇಳಿದರು. ಅದಾದ ಎಂಟೇ ದಿನಕ್ಕೆ, ಮಾರ್ಚ್ 20ಕ್ಕೆ, ಮಹಾಡದ ಚೌದಾರ್ ಕೆರೆಗಿಳಿದು ನೀರು ಮುಟ್ಟಿದರು. ನಾವು ನೀರಿನ ದಿನ ಆಚರಿಸ್ತೀವಿ. ಹೆಂಡದ ಲೆಕ್ಕದ ದಿನ ಯಾರಿಗೂ ನೆನಪಿಲ್ಲ.

ಆದ್ರೆ ದಲಿತ ಸಂಘರ್ಷ ಸಮಿತಿಯ ಹಿರಿಯರಿಗೆ ನೆನಪಿತ್ತು. ಬಿ. ಕೃಷ್ಣಪ್ಪನವರ ಕಾಲದ ಘೋಷಣೆ ನೋಡ್ರಿ: "ಹೆಂಡ ಬೇಡ, ವಸತಿ ಶಾಲೆ ಬೇಕು." ಬರೀ ಹೆಂಡ ಬೇಡ ಅಂದಿದ್ರೆ ಅದು ಸ್ವಾಮಿಗಳ ಮಾತಾಗ್ತಿತ್ತು. ಮುಂದಿನ ಎರಡು ಪದಗಳಲ್ಲಿ 1927ರ ಲೆಕ್ಕ ಐತಿ. ಅಜ್ಜ ಕುಡಿದು ಕಟ್ಟಿದ ತೆರಿಗೆ ಮೊಮ್ಮಗಳ ಹಾಸ್ಟೆಲ್ಲಾಗಿ ಬರಲಿ ಅನ್ನೋ ಲೆಕ್ಕ.

ಬಂತಾ? 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯ್ತು. ಕರಾವಳಿ ಬಿಟ್ಟರೆ ಹೆಚ್ಚಿನ ಕಡೆ ಸೇಂದಿಯೂ ಬಂದ್. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ 90 ಎಂ.ಎಲ್. ವಿಸ್ಕಿ ಬಂತು. ರುಚಿ ಅಂತ ಕೇಳಿದ್ರೆ ಸಾರಾಯಿ ಗಂಟಲು ಸುಡ್ತಿತ್ತು, ಇದು ಬಣ್ಣ ಹಚ್ಕೊಂಡು ಸುಡ್ತದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿ ಗುರಿ 40 ಸಾವಿರ ಕೋಟಿ. ಶಿಕ್ಷಣಕ್ಕೆ ಇಟ್ಟಿದ್ದು 45 ಸಾವಿರ ಕೋಟಿ ಚಿಲ್ಲರೆ. 1927ರ ಅಂತರ ಈಗಿಲ್ಲ, ಒಪ್ಪೋಣ. ಆದ್ರೆ ಈ 40 ಸಾವಿರ ಕೋಟಿ ಯಾರ ಜೇಬಿಂದ? ಪಬ್ಬಿನ ಗೋಧಿ ಏಲ್ ಕುಡಿಯೋರು ಎಷ್ಟು ಮಂದಿ, ಸಂಜೆ ಕೂಲಿ ಬಟವಾಡೆ ಆದ ಮೇಲೆ ಅಂಗಡಿ ಮುಂದೆ ನಿಂತು ಒಂದೇ ಗುಟುಕಿಗೆ ಮುಗಿಸೋರು ಎಷ್ಟು ಮಂದಿ? ಅತ್ತ ಎಸ್‌ಸಿಎಸ್‌ಪಿ-ಟಿಎಸ್‌ಪಿಗೆ ಅದೇ ವರ್ಷ 42,018 ಕೋಟಿ ಅಂತ ಘೋಷಣೆ. ಈ ಹಿಂದೆ ಅದೇ ನಿಧಿಯಿಂದ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿಗೆ ಹೋಗಿದ್ದು ನೋಡಿದೀವಿ. ಒಂದು ಕೈಯಿಂದ ಹೆಂಡದಲ್ಲಿ ತಗೊಂಡು, ಇನ್ನೊಂದು ಕೈಯಿಂದ ಕೊಟ್ಟಂಗೆ ಮಾಡಿ, ನಡುವೆ ಮತ್ತೆ ಕಿತ್ಕೊಳ್ಳೋದು.

ಹೆಣ್ಣುಮಕ್ಕಳು ಸುಮ್ಮನೆ ಕುಂತಿಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ಸಾವಿರಾರು ಹೆಂಗಸರು ನಡೆದರು, ಮದ್ಯ ನಿಷೇಧ ಮಾಡಿ ಅಂತ. ದಾರಿಯಲ್ಲಿ ಅಪಘಾತದಲ್ಲಿ ಒಬ್ಬ ತಾಯಿ ತೀರಿಕೊಂಡರು. ನಿಷೇಧ ಬಂದ್ರೆ ಜೀಪು ಮತ್ತೆ ಕೇರಿಗೇ ಬರ್ತದೆ ಅನ್ನೋ ಭಯ ನನಗಿದೆ. ಆದ್ರೂ ಗಂಡನ ಕೈಯಲ್ಲಿ ಹೊಡೆತ ತಿಂದ ಹೆಂಗಸಿನ ಮುಂದೆ ನಿಂತು ಆ ವಾದ ಹೇಳೋ ಧೈರ್ಯ ನನಗಿಲ್ಲ.

ಹೊರಗಿನ ದೇಶದ ಒಂದು ಕಥೆ ಕೇಳ್ರಿ. 1965ರ ಫೆಬ್ರವರಿ 12. ಇಂಗ್ಲೆಂಡಿನ ಸ್ಮೆಥಿಕ್ ಅನ್ನೋ ಊರು, ಕಬ್ಬಿಣದ ಕಾರ್ಖಾನೆಗಳಲ್ಲಿ ದುಡಿಯೋಕೆ ಪಂಜಾಬಿನಿಂದ ಹೋದವರು ತುಂಬಿದ್ದ ಜಾಗ. ಅಲ್ಲಿನ ಬ್ಲೂ ಗೇಟ್ಸ್ ಅನ್ನೋ ಪಬ್ಬಿನಲ್ಲಿ ಬಿಳಿಯರಿಗೆ ಒಂದು ಕೋಣೆ, ಉಳಿದವರಿಗೆ ಬೇರೆ. ಅಲ್ಲಿಗೆ ಮಾಲ್ಕಂ ಎಕ್ಸ್ ಹೋದರು. ಬೀರ್ ಕುಡಿಯೋಕೆ ಹೋಗಿದ್ದಲ್ಲ, ಅವರು ಕುಡೀತಿರಲಿಲ್ಲ. ಆ ಕೋಣೆ ಜಗತ್ತಿಗೆ ಕಾಣಲಿ ಅಂತ ಹೋಗಿದ್ದು. ಒಂಬತ್ತು ದಿನಕ್ಕೆ ನ್ಯೂಯಾರ್ಕಿನಲ್ಲಿ ಅವರ ಕೊಲೆ ಆಯ್ತು. ಆ ವರ್ಷದ ಕೊನೆಗೆ ಅಲ್ಲಿ ಪಬ್ಬು ಹೋಟೆಲ್ಲುಗಳಲ್ಲಿ ಬಣ್ಣಭೇದ ಮಾಡಬಾರದು ಅಂತ ಕಾನೂನು ಬಂತು. ನಮ್ಮಲ್ಲಿ ಅದಕ್ಕೂ ಹತ್ತು ವರ್ಷ ಮೊದಲೇ, 1955ರಲ್ಲೇ, ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಬಂದಿತ್ತು. ಅಂಗಡಿ, ಹೋಟೆಲು, ಅಲ್ಲಿನ ಪಾತ್ರೆ ಎಲ್ಲವೂ ಅದರಲ್ಲಿ ಬರ್ತವೆ. ಕಾಯ್ದೆಯಲ್ಲಿ ನಾವು ಇಂಗ್ಲೆಂಡಿಗಿಂತ ಮುಂದೆ! ಲೋಟದಲ್ಲಿ ಎಲ್ಲಿದೀವಿ? ಪ್ಲಾಸ್ಟಿಕ್ ಲೋಟ ಬಂದ ಮೇಲೆ ಎರಡು ಲೋಟದ ಪದ್ಧತಿ ಹೋಯ್ತು ಅಂತ ಕೆಲವರು ಖುಷಿ ಪಡ್ತಾರೆ. ಎಂಜಲು ತೊಳೆಯೋ ಕೆಲಸ ಹೋಯ್ತು ಅಷ್ಟೇ. ಸ್ಟೀಲ್ ಲೋಟ ಯಾರ ಮುಂದೆ ಇಡ್ತಾರೆ ಅಂತ ಕಣ್ಣಿಟ್ಟು ನೋಡ್ರಿ.

ಈಗ ನಮ್ಮೂರಿಗೆ ಬರೋಣ. 2016. ಕೂಡ್ಲಿಗಿ ಡಿವೈಎಸ್‌ಪಿ ಅನುಪಮಾ ಶೆಣೈ. ಜನವರಿಯಲ್ಲಿ ಸಚಿವರ ಫೋನ್ ಕರೆಯ ಗದ್ದಲದಲ್ಲಿ ಇಂಡಿಗೆ ವರ್ಗ ಆಗಿ, ಜನರ ವಿರೋಧದ ನಂತರ ಮತ್ತೆ ಕೂಡ್ಲಿಗಿಗೇ ಬಂದಿದ್ದರು. ಜೂನ್ 4ಕ್ಕೆ ರಾಜೀನಾಮೆ. ದೇಶದ ಪೇಪರಲ್ಲೆಲ್ಲ ಬಂತು. ಮಹಿಳಾ ಅಧಿಕಾರಿ, ಫೇಸ್‌ಬುಕ್ ಪೋಸ್ಟು, ಮದ್ಯದ ಲಾಬಿ ಅಂತ ಟಿವಿಯವರು ತಿಂಗಳುಗಟ್ಟಲೆ ಜಗಿದರು. 2018ರ ಚುನಾವಣೆಗೆ ಅವರು ಸ್ವಂತ ಪಕ್ಷ ಕಟ್ಟಿಕೊಂಡು ನಿಂತರು. ಅವರ ರಾಜಕೀಯ ನನಗೆ ಮುಖ್ಯ ಅಲ್ಲ. ಆ ಜಗಳದ ಬುಡದಲ್ಲಿ ಏನಿತ್ತು ಅನ್ನೋದನ್ನ ಟಿವಿಯವರು ಒಂದೇ ಸಾಲಲ್ಲಿ ಮುಗಿಸಿದರು: ಅಂಬೇಡ್ಕರ್ ಭವನಕ್ಕೆ ಹೋಗೋ ರಸ್ತೆಯನ್ನ ಮದ್ಯದಂಗಡಿಯ ಕಟ್ಟಡಕ್ಕೆ ಒತ್ತುವರಿ ಮಾಡ್ತಿದ್ದಾರೆ ಅನ್ನೋ ದೂರು. ಏಪ್ರಿಲ್ 14ಕ್ಕೆ ಹಾರ ಹಿಡ್ಕೊಂಡು ಹೋಗೋ ದಾರಿ, ಮಗಳ ಮದುವೆಗೆ ಹೋಗೋ ದಾರಿ, ಆ ದಾರಿಯ ಪ್ರಶ್ನೆ.

ನಮ್ಮ ಕೈಯಲ್ಲಿ ಒಂದು ನಿಯಮ ಐತಿ. 1967ರ ಅಬಕಾರಿ ಲೈಸೆನ್ಸ್ ಸಾಮಾನ್ಯ ಷರತ್ತುಗಳ ನಿಯಮ 5. ಗುಡಿ, ಮಸೀದಿ, ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಯಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಲೈಸೆನ್ಸ್ ಕೊಡಬಾರದು. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿರೋ ವಸತಿ ಪ್ರದೇಶದಲ್ಲೂ ಕೊಡಬಾರದು. ಹೌದು, ಕೇರಿಯೊಳಗೆ ಬಾರ್ ಇಡಬಾರದು ಅಂತ ಬರೆದೇ ಐತಿ. ಎಷ್ಟು ಮಂದಿಗೆ ಗೊತ್ತು?

ಇದರಲ್ಲಿ ಎರಡು ತೂತು. ಅಂಬೇಡ್ಕರ್ ಭವನ, ಸಮುದಾಯ ಭವನ ಅನ್ನೋ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಗುಡಿಗೆ 100 ಮೀಟರ್ ಮರ್ಯಾದೆ, ಬಾಬಾಸಾಹೇಬರಿಗೆ ಇಲ್ಲ. ಎರಡನೇದು ಅಳತೆ. ಗೋಡೆಯಿಂದ ಗೋಡೆಗೆ ಅಳೆಯಲ್ಲ. ಅಂಗಡಿ ಬಾಗಿಲ ನಡುವಿನಿಂದ ಹಿಡಿದು, ಜನ ಸಾಮಾನ್ಯವಾಗಿ ನಡೆದು ಹೋಗೋ ಹತ್ತಿರದ ದಾರಿಗುಂಟ, ಶಾಲೆಯೋ ಗುಡಿಯೋ ಅದರ ಗೇಟಿನ ನಡುವಿನವರೆಗೆ. ಹಂಗಾಗಿ ಅಂಗಡಿಯವನು ಬಾಗಿಲು ಹಿಂದಿನ ಓಣಿಗೆ ತಿರುಗಿಸಿದ್ರೆ 60 ಮೀಟರ್ ಹೋಗಿ 110 ಆಗ್ತದೆ. ಬೋರ್ಡು ಮಾತ್ರ ಇದ್ದಲ್ಲೇ ಇರ್ತದೆ.

ಭವನದ ಹೆಸರು ನಿಯಮ 5ಕ್ಕೆ ಸೇರಿಸಿ ಅಂತ ಅರ್ಜಿ ತಯಾರಾಗಿದೆ. ಅದರ ಜೊತೆ ಐದೂ ತಾಲ್ಲೂಕಿನ ಅಳತೆ ಇಡಬೇಕು: ಪ್ರತಿ ಬಾರಿನ ಬಾಗಿಲು, ಹತ್ತಿರದ ಶಾಲೆ, ಭವನ, ಕೇರಿ, ನಡುವಿನ ದಾರಿಯ ಫೋಟೋ. ಬರೋ ಭಾನುವಾರ ಬೆಳಗ್ಗೆ 7ಕ್ಕೆ ಕೊಟ್ಟೂರು ಬಸ್‌ಸ್ಟ್ಯಾಂಡಿನಿಂದ ಶುರು. ನಾವು ನಾಲ್ಕು ಮಂದಿ ಇದೀವಿ, 50 ಮೀಟರಿನ ಟೇಪು ಒಂದೇ ಐತಿ. ಮನೇಲಿ ಇನ್ನೊಂದಿದ್ದವರು ತನ್ನಿ.